ಸೊಹಾರ್ ಫೈಲು ಹಿಡಿದ ಹರಿಣಾಕ್ಷಿ

ನಮ್ಮ ಆಫೀಸಿನಲ್ಲಿ ಹರಿಣಾಕ್ಷಿಯನ್ನು ಹೊಗಳದೆ ಉಳಿದವನು ನಾನೊಬ್ಬನೇ. ಎಲ್ಲರೂ ಹೊಗಳುತ್ತಾರಲ್ಲ, ಅದರ ಮೇಲೆ ನನ್ನದೂ ಒಂದು ಯಾಕೆ ಎಂದು ಸುಮ್ಮನಿದ್ದೇನೆ ಅಂತ ಹೆಂಡತಿ ಕುಸುಮಳಿಗೆ ಹೇಳುತ್ತಿದ್ದೆ. ಅವಳು ನಂಬುತ್ತಿರಲಿಲ್ಲ.

"ನಿಮಗೆ ಹೊಟ್ಟೆಕಿಚ್ಚು ಮಾರಾಯ್ರೆ. ನಮಗೆ ಗ್ಯಾಸ್ ಎಂತಕ್ಕೆ? ನಿಮ್ಮ ಹೊಟ್ಟೆಯ ಮೇಲೆಯೇ ಚಾ ಕಾಯಿಸಬಹುದು."

ಹರಿಣಾಕ್ಷಿ ಮೂಲ್ಕಿಯ ಕಡೆಯವಳು. ಗಂಡ ಪ್ರೇಮನಾಥ ಮಸ್ಕತ್ತಿನ ಅಲ್ ಅಜೈಬಾದ ಟಯರ್ ಅಂಗಡಿಯೊಂದರಲ್ಲಿ ಲೆಕ್ಕ ನೋಡುತ್ತಿದ್ದ. ಮದುವೆಯಾಗಿ ಮಸ್ಕತ್ತಿಗೆ ಬಂದವಳು ಮೊದಲ ವರ್ಷ ಮನೆಯೊಳಗೆ ಕೂತು ಎ.ಸಿ.ಯ ಸದ್ದು ಕೇಳಿದಳಂತೆ. ಮರುವರ್ಷ "ಇನ್ನು ಖಲಾಸ್, ನನ್ನಿಂದಾಗದು" ಎಂದು ಗಂಡನಿಗೆ ಹೇಳಿ, ನಮ್ಮ ಕಟ್ಟಡ ಸಾಮಾನಿನ ಕಂಪನಿಗೆ ಟೈಪಿಸ್ಟ್ ಆಗಿ ಬಂದಳು. ವಿನಯವನ್ನು ಮಾತ್ರ ಊರಲ್ಲೇ ಬಿಟ್ಟು ಬಂದಿದ್ದಳು. ಒಂದು ಪತ್ರವನ್ನು ತಪ್ಪಿಲ್ಲದೆ ಟೈಪ್ ಮಾಡಿದರೆ ಎಲ್ಲ ಮೇಜುಗಳಿಗೂ ಅದರ ಮೆರವಣಿಗೆ ಆಗುತ್ತಿತ್ತು. "ನೋಡಿ, ಒಂದು ಕಾಮಾ ಆಚೀಚೆ ಇಲ್ಲ!" ನಾನೂ ನೋಡುತ್ತಿದ್ದೆ. ಕಾಮಾ ಎಲ್ಲಾದರೂ ತಪ್ಪಿದೆಯೋ ಅಂತ.

ಆಗ ಆಫೀಸಿನಲ್ಲಿ ನನಗೂ ಒಂದು ಕಿರೀಟ ಇತ್ತು. ಸೊಹಾರ್, ನಿಜ್ವಾ, ಸೂರ್ ಬ್ರಾಂಚುಗಳಿಂದ ವಾರವಾರ ಸ್ಟಾಕಿನ ಫೈಲು ಫ್ಲಾಪಿಯಲ್ಲಿ ಬರುತ್ತಿತ್ತು. ಡ್ರೈವರ್ ಅಬ್ಬಾಸ್ ಅದನ್ನು ಪಿಕಪ್ಪಿನ ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಇಟ್ಟುಕೊಂಡು ಹಪ್ಪಳದ ಹಾಗೆ ತರುತ್ತಿದ್ದ. ಸೊಹಾರಿನ ಸ್ಟೋರ್‌ಕೀಪರಿಗೆ ಫೈಲಿಗೆ ಹೆಸರಿಡುವ ಚಟ. ಒಂದು ವಾರ ಸೊಹ್‌ಸ್ಟಾಕ್, ಇನ್ನೊಂದು ವಾರ ಸೊಹ್‌ನ್ಯೂ, ಆಮೇಲೆ ಸೊಹ್‌ಲಾಸ್ಟ್, ಲಾಸ್ಟ್ ಆದ ಮೇಲೂ ಸೊಹ್‌ಲಾಸ್ಟ್‌ಟೂ! ಎಲ್ಲ ಸೇರಿಸಿ ವಾರದ ವರದಿ ಮಾಡಲು ಪರದೆಯ ಮೇಲೆ ಹತ್ತಾರು ಫೈಲು ತೆರೆದುಕೊಂಡಾಗ ಯಾವುದು ಯಾರದ್ದು ಎಂದು ತಿಳಿಯುತ್ತಿದ್ದದ್ದು ನನಗೆ ಮಾತ್ರ. "ದೇಜಪ್ಪನನ್ನು ಕೇಳಿ" ಎಂಬ ಮಾತು ನನ್ನ ಕಿವಿಗೆ ಜೇನು ಹೊಯ್ದ ಹಾಗೆ.

ಅದೇ ಸಮಯದಲ್ಲಿ, ತೊಂಬತ್ತಾರರಲ್ಲಿ, ಕಂಪನಿ ಖುರುಮಿನ ಹೊಸ ಕಟ್ಟಡಕ್ಕೆ ಹೋಗುವುದು ನಿಶ್ಚಯವಾಯಿತು. ಅಲ್ಲಿ ನಮ್ಮಂಥವರಿಗೆ ಇದ್ದದ್ದು ಒಂದೇ ಒಂದು ಗಾಜಿನ ಕ್ಯಾಬಿನ್. ವಾರದ ವರದಿ ಯಾರ ಕೈಯಲ್ಲೋ ಕ್ಯಾಬಿನ್ ಅವರಿಗೆ ಎಂದರು ಮುದೀರ್. ಮ್ಯಾನೇಜರನ್ನು ನಾವು ಅರಬಿಯಲ್ಲಿ ಹಾಗೇ ಕರೆಯುವುದು. ಕ್ಯಾಲೆಂಡರ್ ಯಾವ ಗೋಡೆಗೆ ಎಂಬುದನ್ನೂ ನಾನು ತೀರ್ಮಾನಿಸಿ ಆಗಿತ್ತು. ಗಾಜಿಗೆ ಮೊಳೆ ಹೊಡೆಯುವುದು ಹೇಗೆ ಎಂಬುದೊಂದೇ ಬಾಕಿ.

ಅಷ್ಟರಲ್ಲಿ ಹರಿಣಾಕ್ಷಿಗೆ ಎಕ್ಸೆಲ್ಲಿನ ಮ್ಯಾಕ್ರೊ ಹುಚ್ಚು ಹಿಡಿಯಿತು. ನಾವು ಕೈಯಾರೆ ಮಾಡುವ ಕೆಲಸವನ್ನು ಕಂಪ್ಯೂಟರಿಗೆ ಒಮ್ಮೆ ಕಲಿಸಿಬಿಟ್ಟರೆ ಮುಂದೆ ಗುಂಡಿ ಒತ್ತಿದ ಕೂಡಲೇ ತಾನೇ ಮಾಡುತ್ತದಂತೆ. ಮೊದಲ ವಾರ ಮಾಡಿತು. ಮರುವಾರ ಸೊಹಾರಿನವನು ಹೆಸರು ಬದಲಿಸಿದ. ಮ್ಯಾಕ್ರೊ ಹಳೆಯ ಹೆಸರನ್ನೇ ಹುಡುಕಿ ಹುಡುಕಿ ಕೈಚೆಲ್ಲಿತು. ನಾನು ಆ ದಿನ ಎಲ್ಲರಿಗೂ ಸಮೋಸ ತರಿಸಿದೆ. ಕಾರಣ ಕೇಳಿದವರಿಗೆ ಸುಮ್ಮನೆ ಎಂದೆ.

ಆಕೆ ಸಮೋಸ ತಿನ್ನುತ್ತಲೇ ಸಹಾಯದ ಗುಂಡಿ ಎಫ್ ಒನ್ ಒತ್ತಿ, ಮ್ಯಾಕ್ರೊದ ಪಾಠ ಓದಲು ಕೂತಳು. ಒಂದು ಬೆಳಿಗ್ಗೆ ನನ್ನ ಮೇಜಿಗೆ ಬಂದಳು.

"ದೇಜಪ್ಪಣ್ಣ, ಆಯ್ತು! ತೆರೆದಿರುವ ಫೈಲನ್ನೆಲ್ಲ ಒಂದೊಂದಾಗಿ 'ನಿನ್ನ ಹೆಸರೆಂತ' ಅಂತ ಕೇಳ್ತದೆ. ಸೊಹ್ ಅಂತ ಶುರುವಾದರೆ ಸಾಕು, ಹಿಡೀತದೆ. ಬಾಲ ಎಂತದೇ ಇರಲಿ, ಅದರ ಬದಲಿಗೆ ಒಂದು ನಕ್ಷತ್ರ ಹಾಕಿದ್ದೇನೆ. ಇನ್ನು ನೀವು ಯಾವ ಹೆಸರೂ ನೆನಪಿಡುವುದು ಬೇಡ."

"ಒಳ್ಳೆಯದಾಯಿತು" ಎಂದೆ. ಒಳಗೆ ಕುಸುಮಳ ಚಾ ಕುದಿಯುತ್ತಿತ್ತು.

ಮುದೀರರಿಗೆ ತೋರಿಸುವ ದಿನ ಬಂತು. ಪ್ರಿಂಟರ್ ಇದ್ದದ್ದು ನನ್ನ ಕಂಪ್ಯೂಟರಿಗೆ, ಹಾಗಾಗಿ ಪ್ರದರ್ಶನವೂ ಅದರಲ್ಲೇ. ಬ್ರಾಂಚುಗಳ ಫೈಲುಗಳನ್ನು ತೆರೆದು ಆಕೆ ಗುಂಡಿ ಒತ್ತಿದಳು. ಪರದೆ ಮಿಣಮಿಣ ಎಂದು ವರದಿ ಹೊರಬಂತು. ಮುದೀರ್ ಬೆರಳಿಟ್ಟು ಓದತೊಡಗಿದರು.

"ಸೊಹಾರ್. ಸಿಮೆಂಟು. ಪೈಪು. ಬಾಗಿಲ ಬಿಜಾಗರಿ. ಕೋರಿ... ರೊಟ್ಟಿ?"

ಅವರು ಮುಂದೆ ಓದಿದರು. ಕೋಳಿ ಸುಕ್ಕದ ಮಸಾಲೆ. ಲಿಂಬೆ-ಚಮಚ ಓಟಕ್ಕೆ ಲಿಂಬೆ. ಹಗ್ಗಜಗ್ಗಾಟಕ್ಕೆ ಹಗ್ಗ.

ಮ್ಯಾಕ್ರೊ ಮಣ್ಣು ಮುಕ್ಕಿತಲ್ಲ! ಕ್ಯಾಬಿನ್ನಿನ ಗಾಜು ನನ್ನ ಕಣ್ಣೆದುರು ಫಳಫಳ ಹೊಳೆಯಿತು. "ನೋಡಿದಿರಾ ಸರ್, ಇದಕ್ಕೇ ನಾನು ಹೇಳುವುದು, ಮನುಷ್ಯನೇ ಬೇಕು" ಎಂದೆ.

"ಈ ಫೈಲು ಯಾವ ಮನುಷ್ಯನದು?" ಎಂದು ಕೇಳಿದರು ಮುದೀರ್.

ಆಗ ನನಗೆ ತಲೆಗೆ ಹೋಯಿತು. ಶುಕ್ರವಾರ ನಮ್ಮ ತುಳುವರ ಪಿಕ್‌ನಿಕ್ಕು ಸೊಹಾರಿನ ಕಡಲ ಬದಿಯಲ್ಲಿ. ಊಟದ ಉಸ್ತುವಾರಿ ನನ್ನದು. ಸಾಮಾನಿನ ಪಟ್ಟಿಗೆ ಸೊಹ್‌ಪಿಕ್ ಎಂದು ನಾನೇ ಹೆಸರಿಟ್ಟು, ಬೆಳಿಗ್ಗೆಯಿಂದ ಉಳಿದ ಫೈಲುಗಳ ಹಿಂದೆ ಅಡಗಿಸಿ ತೆರೆದಿಟ್ಟಿದ್ದೆ. ಸೊಹಾರಿನವನ ಚಟಕ್ಕೆ ನಗುತ್ತಿದ್ದವನು ನಾನೇ.

ಬಾಗಿಲಲ್ಲಿ ನಿಂತಿದ್ದ ಅಬ್ಬಾಸ್ ಕೇಳಿದ, "ದೇಜಪ್ಪಣ್ಣ, ಆ ಹಗ್ಗ ನಮ್ಮ ಗೋಡೌನಿನದ್ದೇ ಅಲ್ವಾ?"

ಈಗ ಹರಿಣಾಕ್ಷಿ ನನ್ನನ್ನು ಹುರಿದು ಮುಕ್ಕುತ್ತಾಳೆ ಎಂದುಕೊಂಡೆ. ಆಕೆಗೆ ನನ್ನ ಗೊಡವೆಯೇ ಇರಲಿಲ್ಲ. "ಮ್ಯಾಕ್ರೊ ತಪ್ಪಿಲ್ಲ ಸರ್, ನಾನು ಹೇಳಿದ್ದನ್ನೇ ಮಾಡಿದೆ. ಬರೀ ಹೆಸರು ಕೇಳಿ ನಂಬು ಎಂದು ಹೇಳಿಕೊಟ್ಟದ್ದು ನಾನು. ಇನ್ನು ಹೆಸರು ಹೊಂದಿದರೂ ಒಳಗೆ ಇಣುಕಿ, ಹಾಳೆಯ ಮೊದಲ ಚೌಕದಲ್ಲಿ ಬ್ರಾಂಚಿನ ಹೆಸರಿದ್ದರೆ ಮಾತ್ರ ಹಿಡೀತದೆ" ಎಂದಳು. ಮುದೀರ್ ಮಧ್ಯಾಹ್ನದ ನಮಾಜು ಮುಗಿಸಿ ಬರುವಷ್ಟರಲ್ಲಿ ಸರಿಪಡಿಸಿಯೂ ಆಗಿತ್ತು. ಸೊಹ್‌ಪಿಕ್ ತೆರೆದೇ ಇತ್ತು, ಮ್ಯಾಕ್ರೊ ಅದನ್ನು ಮೂಸಿ ನೋಡಿ ಬಿಟ್ಟು ಮುಂದೆ ಹೋಯಿತು. ಅದರ ಮೆರವಣಿಗೆಯೂ ಎಲ್ಲ ಮೇಜುಗಳಿಗೆ ಬಂತು.

ಕ್ಯಾಬಿನ್ ಹರಿಣಾಕ್ಷಿಯದ್ದಾಯಿತು. ನನಗೆ ಬೈಗಳು ಸಿಗಲಿಲ್ಲ. ಮುದೀರ್ ಪಿಕ್‌ನಿಕ್ಕಿಗೆ ಬಂದು ಕೋರಿ ರೊಟ್ಟಿ ಎರಡು ಸಲ ಹಾಕಿಸಿಕೊಂಡರು. ಅಲ್ಲೂ ಅವರು ಮಾತಾಡಿದ್ದು ಮ್ಯಾಕ್ರೊ ಬಗ್ಗೆಯೇ.

ಖುರುಮಿಗೆ ಹೋದ ಮೇಲೆ ಒಂದು ಸಮಾಧಾನ ಸಿಕ್ಕಿತು. ಕ್ಯಾಬಿನ್ನಿನ ಮುಖ ಪಡುವಣಕ್ಕೆ. ಸಂಜೆಯ ಬಿಸಿಲಿಗೆ ಆಕೆ ಗಾಜಿಗೆ ಪೇಪರ್ ಅಂಟಿಸಿಕೊಂಡು ಬೇಯುವುದನ್ನು ನಾನು ತಣ್ಣಗೆ ಹೊರಗೆ ಕೂತು ನೋಡುತ್ತಿದ್ದೆ. ಕಂಪನಿಯವರು ಅದನ್ನೂ ಸಹಿಸಲಿಲ್ಲ, ಪರದೆ ಹಾಕಿಸಲು ಹೊರಟರು. ಬಟ್ಟೆಯ ತುಂಡುಗಳ ಪುಸ್ತಕ ಹಿಡಿದು ಹರಿಣಾಕ್ಷಿ ನನ್ನ ಹತ್ತಿರವೇ ಬಂದಳು.

"ದೇಜಪ್ಪಣ್ಣ, ನೀವೇ ಒಂದು ಬಣ್ಣ ಹೇಳಿ. ಪ್ರೇಮನಾಥರಿಗೆ ಟಯರಿನ ಬಣ್ಣ ಬಿಟ್ಟು ಬೇರೆ ಗೊತ್ತಿಲ್ಲ."

ನಾನು ಪುಸ್ತಕವನ್ನು ಹಿಂದುಮುಂದೆ ಮಗುಚಿ, ಹುಡುಕಿ, ಅದರಲ್ಲಿದ್ದ ಅತ್ಯಂತ ಕೆಟ್ಟ ಬಣ್ಣ ತೋರಿಸಿದೆ. ಹಳಸಿದ ಪಲ್ಯದಂಥ ಹಸಿರು.

ಹಾಕಿಸಿದಳು. ಸಂಜೆ ಬಿಸಿಲು ಅದರ ಮೇಲೆ ಬಿದ್ದಾಗ ಎಷ್ಟು ಚೆಂದ ಕಾಣುತ್ತದೆ ಎಂದು ಎಲ್ಲರೂ ಹೋಗಿ ಹೋಗಿ ನೋಡಿ ಬರುತ್ತಾರೆ.