ಅಕ್ಕೋರ ನಳದ ಅರ್ಜಿ

ಕುತ್ತಿಗೆ ಒಂದು ಕಡೆ ವಾಲಿಸಿ, ಫೋನನ್ನು ಎದೆಯ ಹತ್ತಿರ ಹಿಡಿದು, ಅಕ್ಕೋರು ಹೆಬ್ಬೆರಳಿನಿಂದ ಗಾಜು ಸವರುತ್ತಿದ್ದರು. ಒಳಗಿನಿಂದ ಒಂದು ದನಿ ಕಾದ ಎಣ್ಣೆಗೆ ಬೂಂದಿ ಬಿದ್ದ ಹಾಗೆ ಪಟಪಟ ಮಾತಾಡುತ್ತಿತ್ತು. ಪರದೆಯ ಮೇಲಿನದನ್ನು ಓದಿ ಹೇಳುವ ದನಿ ಅದು. ಹುಟ್ಟಿನಿಂದ ಕಣ್ಣಿಲ್ಲದ ಅವರು ಹಾನಗಲ್ಲಿನ ಶಾಲೆಯಲ್ಲಿ ಅಕ್ಕೋರಾಗಿ ಮಕ್ಕಳಿಗೆ ಸಂಗೀತ ಕಲಿಸಿ, ನಿವೃತ್ತರಾದ ಮೇಲೆ ಸವಣೂರಿನಲ್ಲಿ ನನ್ನ ಖಾರ-ಬೂಂದಿ ಅಂಗಡಿಯ ಬಾಜೂ ಮನೆ ಕೊಂಡಿದ್ದರು.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟು ಖಾರ ಕರಿಯುವ ಭಟ್ಟಿಯ ಮುಂದೆ ಕುಂತವನು. ದುಡಿದು ಸ್ವಂತ ಅಂಗಡಿ ಮಾಡಿದೆ, ಯಾರ ಮುಂದೆಯೂ ಕೈ ಚಾಚಲಿಲ್ಲ. ಸರ್ಕಾರಿ ಅರ್ಜಿ ಬಂದರೆ ಮಾತ್ರ ಕಂಪ್ಯೂಟರ್ ಅಂಗಡಿಯೇ ಗತಿ. ಮನೆಗೆ ನಳ ಹಾಕಿಸಿಕೊಳ್ಳಲು ಅಕ್ಕೋರನ್ನೂ ಅಲ್ಲಿಗೇ ಕರೆದೊಯ್ದೆ. ಅಂಗಡಿಯವನು, ಎಲ್ಲರಿಗೂ ಮಾಡುವಂತೆ, ಕೆಲಸ ಬೇಗ ಮುಗಿಯಲೆಂದು ಅರ್ಜಿಯಲ್ಲಿ ತನ್ನದೇ ಫೋನ್ ನಂಬರು ಹಾಕಿದ. ‘ಮನೆಯ ಕಾಗದ ಕೊಡಿ’ ಎಂಬ ಸಂದೇಶ ಅವನ ಫೋನಿಗೆ ಬಂದು ಅಲ್ಲೇ ಮುಳುಗಿತು. ಅರ್ಜಿ ರದ್ದಾಯಿತು. ಅಕ್ಕೋರು ಮತ್ತೆ ಬೀದಿ ನಳದಿಂದ ಕೊಡ ಹೊತ್ತರು.

“ಇನ್ನೊಮ್ಮೆ ಹಾಕ್ಸೋಣ್ರಿ,” ಅಂದೆ.

“ಹಾಕ್ಸೂದಲ್ಲೋ ತಮ್ಮಾ, ಹಾಕೂದು. ನನ್ನ ನಳ, ನನ್ನ ನಂಬರು. ನಾನ ಹಾಕ್ತೇನಿ.”

ಪುರಸಭೆಯ ವೆಬ್‌ಸೈಟು ಬಿಟ್ಟುಕೊಡಲಿಲ್ಲ. ಅದರ ಗುಂಡಿಗಳಿಗೆ ಹೆಸರೇ ಕೊಟ್ಟಿರಲಿಲ್ಲ. ಫೋನು “ಬಟನ್, ಬಟನ್” ಎಂದಷ್ಟೇ ಹೇಳುತ್ತಿತ್ತು. ಕೊನೆಗೆ ಚಿತ್ರದಲ್ಲಿನ ಸೊಟ್ಟ ಅಕ್ಷರಗಳನ್ನು ನೋಡಿ ಬರೆಯಬೇಕಿತ್ತು. ಅಕ್ಕೋರು ನನ್ನನ್ನು ಕರೆದುಕೊಂಡು ಸೀದಾ ಪುರಸಭೆ ಕಚೇರಿಯ ಸಾಹೇಬರ ಮುಂದೆ ನಿಂತರು.

“ಯಾಕ ತ್ರಾಸ ತಗೋತೀರಿ ಅಕ್ಕೋರ? ನಮ್ಮ ಕ್ಲರ್ಕ್ ತುಂಬಿ ಕೊಡ್ತಾರ,” ಎಂದರು ಸಾಹೇಬರು.

“ಉಪಕಾರ ಬ್ಯಾಡ್ರಿ. ಸರ್ಕಾರದ ವೆಬ್‌ಸೈಟು ನಮ್ಮಂಥವ್ರಿಗೂ ಬಳಸಾಕ ಬರಬೇಕಂತ ಕಾಯ್ದೆ ಐತಿ. ಕಚೇರಿಗೆ ಇಳಿಜಾರು ಕಟ್ಟೀರಿ, ವೆಬ್‌ಸೈಟಿಗೆ ಬರೇ ಮೆಟ್ಟಲಾ ಇಟ್ಟೀರಿ. ಹಿಡೀರಿ ಫೋನು, ಕಣ್ಣ ಮುಚ್ಚಿ ನೀವ ಒಂದು ಅರ್ಜಿ ಹಾಕ್ರಿ ನೋಡೋಣು.”

ಸಾಹೇಬರು ನಗುತ್ತ ಕಣ್ಣು ಮುಚ್ಚಿದರು. ಬಟನ್, ಬಟನ್, ಬಟನ್. ಬೆವರು ಒರೆಸಿಕೊಂಡು ಒಂದು ಕಣ್ಣು ತೆರೆದರು. ನನಗೆ ನಗು ತಡೆಯಲಿಲ್ಲ.

“ಕಣ್ಣ ತೆರದ್ರಿ ಹೌದಿಲ್ಲೊ?” ಎಂದರು ಅಕ್ಕೋರು, ನನ್ನ ನಗು ಕೇಳಿ. “ನನಗ ಆ ಸವಲತ್ತಿಲ್ಲರಿ.”

ಅಕ್ಕೋರ ದೂರು ಅಂದೇ ಮೇಲಿನ ಅಧಿಕಾರಿಗಳಿಗೆ ಹೋಯಿತು. ಅಕ್ಕೋರು ಬಿಡಲಿಲ್ಲ, ಪ್ರತಿ ಸೋಮವಾರ ಕಚೇರಿಗೆ ಫೋನು. “ಬಂದ್ರು ನೋಡು ಸೋಮವಾರದ ಅಕ್ಕೋರು,” ಎಂದು ಅಲ್ಲಿನವರು ನಗುವುದು ಫೋನಿನಲ್ಲಿ ನಮಗೂ ಕೇಳುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ವೆಬ್‌ಸೈಟು ಬದಲಾಯಿತು. ಗುಂಡಿಗಳಿಗೆ ಹೆಸರು ಬಂದವು, ಸೊಟ್ಟ ಅಕ್ಷರ ಹೋದವು, ಅರ್ಜಿಯ ಭಾಷೆ ತಿಳಿಗನ್ನಡವಾಯಿತು. ಅಕ್ಕೋರು ತಮ್ಮ ಕಟ್ಟೆಯ ಮೇಲೆ ಕೂತು, ತಮ್ಮ ಬೆರಳಿನಿಂದಲೇ ಅರ್ಜಿ ಹಾಕಿದರು. ನಳಕ್ಕೆ ನೀರು ಬಂದ ದಿನ ಅವರು ನನ್ನ ಅಂಗಡಿಯ ಖಾರ ತರಿಸಿ ಓಣಿಗೆಲ್ಲ ಹಂಚಿದರು.

ಮರುದಿನ ನನ್ನನ್ನು ಹಿಡಿದರು. “ಭಟ್ಟಿಗೆ ನಳ ಬೇಕಂತಿದ್ದೆಲ್ಲ? ಹಾಕು.”

“ನನಗ ಬರೂದಿಲ್ರಿ.”

“ನನಗ ಕಾಣೂದಿಲ್ಲ. ಹಾಕಲಿಲ್ಲೇನು?”

ನನ್ನ ಫೋನಿನಲ್ಲೂ ಓದಿ ಹೇಳುವ ದನಿ ಹಾಕಿ, ಅದನ್ನು ನಿಧಾನ ಮಾಡಿ ಕೊಟ್ಟರು. ಅವರಿಗಾಗಿ ಆದ ದುರಸ್ತಿ ನನ್ನಂಥವನ ಕೈಯನ್ನೂ ಹಿಡಿಯಿತು. ದನಿ ಪ್ರತಿ ಸಾಲನ್ನೂ ಓದಿ ಹೇಳಿತು, ತಪ್ಪಿದಲ್ಲಿ ತಪ್ಪು ಎಂದಿತು. ಅರ್ಜಿ ಸೇರಿದ ಸಂದೇಶ ನನ್ನದೇ ಫೋನಿಗೆ ಬಂದಾಗ ಗಿರಾಕಿಗಳ ಮುಂದೆಯೇ ಕೂಗಿಬಿಟ್ಟೆ. ಅದರ ನಂತರ ಒಂದು ಅರ್ಜಿಗೂ ಕಂಪ್ಯೂಟರ್ ಅಂಗಡಿ ಹತ್ತಲಿಲ್ಲ.

ಹೋದ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. ನಳವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅವರ ತಂಗಿ ಅಕ್ಕಿಆಲೂರಿನಿಂದ ಬಂದು, “ಯಾರ ಕಡಿಂದ ಹಾಕ್ಸೂದಪ್ಪಾ?” ಎಂದು ಕೇಳಿದರು.

ಫೋನು ಅವರ ಕೈಗೇ ಕೊಟ್ಟೆ. “ನೀವ ಹಾಕ್ರಿ,” ಅಂದೆ. “ನಾ ಬಾಜೂಕ ಕುಂದರ್ತೇನಿ.”