ಕಾವಲಿಗೆ ನಿಂತವನ ಹಾಡುಗಾರಿಕೆ

ಎಲಿಜಿಯೋ ಅರಿಸೋನ್ ಹಾಡುಗಾರನಾದದ್ದು ಕಾವಲು ಕಾಯಲು ಹೋಗಿ. ಪೂರ್ವ ಲಾಸ್ ಏಂಜಲೀಸಿನ ಮೆಕ್ಸಿಕನ್ ಮನೆಗಳಲ್ಲಿ ಮದುವೆಯಾಗದ ಹುಡುಗಿ ಮನೆಯವರೊಬ್ಬರು ಜತೆಗಿಲ್ಲದೆ ಡಾನ್ಸ್ ಹಾಲಿಗೆ ಕಾಲಿಡುವಂತಿರಲಿಲ್ಲ. ತಂಗಿ ಡೆಲ್ಫಿನಾಗೆ ಕಂಠವಿತ್ತು, ಅಣ್ಣನಿಗೆ ಬಿಡುವಿತ್ತು. ಗಿರಾಕಿಯ ಪಾದಕ್ಕಿಂತ ಕನ್ನಡಿಯನ್ನೇ ಹೆಚ್ಚು ನೋಡುತ್ತಾನೆಂದು ಶೂ ಅಂಗಡಿಯವರು ಅವನನ್ನು ಆಗಷ್ಟೇ ಮನೆಗೆ ಕಳಿಸಿದ್ದರು.

'ಅವಳ ಪಕ್ಕದಲ್ಲೇ ನಿಂತ್ಕೋ, ಅಲ್ಲಾಡಬೇಡ' ಎಂದ ಅಪ್ಪ. ಇವನು ವೇದಿಕೆ ಹತ್ತಿ ನಿಂತ. ಸುಮ್ಮನೆ ನಿಲ್ಲಲು ನಾಚಿಕೆಯಾಗಿ ಚಿಟಿಕೆ ಹೊಡೆದ, ನಡುನಡುವೆ 'ಊ ಊ' ಎಂದ. ರೆಕಾರ್ಡು ಕಂಪನಿಯ ಹಾಪ್‌ಗುಡ್ ಕಣ್ಣಿಗೆ ಅದೊಂದು ಜೋಡಿಯಾಗಿ ಕಂಡಿತು. ರಾಕ್ ಅಂಡ್ ರೋಲ್ ಹೊಸ ಸರಕು. ಅಣ್ಣ-ತಂಗಿಯೆಂದರೆ ಇನ್ನೂ ಬೇಗ ಖರ್ಚಾಗುವ ಸರಕು. 1957ರಲ್ಲಿ 'ಎಲಿ ಮತ್ತು ಡೆಲ್' ಎಂದು ರೆಕಾರ್ಡು ಬಂತು. ಧ್ವನಿಮುದ್ರಣದ ದಿನ ಅವನನ್ನು ಮೈಕಿನಿಂದ ಎಂಟಡಿ ಆಚೆ, ಬಾಗಿಲ ಬಳಿ ನಿಲ್ಲಿಸಿದ್ದರು. 'ನನ್ನ ದನಿ ಭಾರಾನ ಮಶೀನು ತಡೀಲಿಲ್ಲ' ಎಂದು ಅವನು ಬೀದಿಯೆಲ್ಲ ಸಾರಿದ.

ರೇಡಿಯೋದಲ್ಲಿ ಹಾಡು ಬಂದದ್ದೇ ತಡ, ಮನೆಯೊಳಗೂ ಕಪ್ಪು ಕನ್ನಡಕ. ಅಮ್ಮ ಮೆನುದೋ ಸಾರು ಬಡಿಸಿದರೆ ಗಂಟಲಿಗೆ ಖಾರ ಆಗದೆಂದು ತಳ್ಳುವುದು, ಅವಳು ಅತ್ತ ತಿರುಗಿದಾಗ ಎರಡು ಬಟ್ಟಲು ಇಳಿಸುವುದು. ಕೊನೆಗೊಂದು ದಿನ ಘೋಷಿಸಿದ: 'ಇನ್ಮೇಲೆ ನಾನೊಬ್ಬನೇ ಹಾಡ್ತೀನಿ.'

ಡೆಲ್ಫಿನಾ ಅವನೆದುರು ಬಂದು ನಿಂತಳು. 'ಭಾನುವಾರ ಎಲ್ ಮಾಂಟೆಯ ಡಾನ್ಸ್ ಹಾಲಲ್ಲಿ ಹಾಡದಿದ್ರೆ ಎರಡನೇ ರೆಕಾರ್ಡೇ ಇಲ್ಲ ಅಂದಿದಾನೆ ಹಾಪ್‌ಗುಡ್. ನೀನು ಬರದಿದ್ರೆ ಅಪ್ಪ ನನ್ನ ಹೊಸ್ತಿಲು ದಾಟಕ್ಕೆ ಬಿಡಲ್ಲ ಕಣೋ ಅಣ್ಣ.'

'ಅದಕ್ಕೆ ನಾನೇನ್ಮಾಡ್ಲಿ? ಜನ ಬರೋದು ನನ್ನ ಕೇಳಕ್ಕೆ.'

'ನಿನ್ನ ಊ ಊ ಕೇಳಕ್ಕಾ? ಪಕ್ಕದ ಮನೆ ನಾಯೀನೂ ಅಷ್ಟು ಹಾಡತ್ತೆ. ಅದು ಶ್ರುತೀಲಾದ್ರೂ ಇರತ್ತೆ.'

ಅವನು ಕ್ರಾಪು ತೀಡಿಕೊಂಡು ಹೊರಟೇಹೋದ. ಒಲೆಯ ಬಳಿ ತೋರ್ತಿಯಾ ರೊಟ್ಟಿ ತಟ್ಟುತ್ತಿದ್ದ ಚೋಲೆ ಅತ್ತೆ, ಅಪ್ಪನ ವಿಧವೆ ಅಕ್ಕ, ತಲೆಯೆತ್ತಿದಳು.

'ಕಾವಲಿಗೆ ಮೀಸೆ ಬೇಕು ಅಂತ ಯಾರೇ ಹೇಳಿದ್ದು? ನನ್ನ ಶಾಲು ಇಸ್ತ್ರಿ ಮಾಡು.'

ಅಕ್ಕನೆದುರು ಅಪ್ಪನ ಬಾಯಿ ಏಳುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಅತ್ತೆ ಮೈಕಿನ ಪಕ್ಕಕ್ಕೇ ಕುರ್ಚಿ ಎಳೆಸಿಕೊಂಡು, ತೊಡೆಯ ಮೇಲೆ ಕೈಚೀಲವಿಟ್ಟು, ಇಡೀ ಹಾಲನ್ನು ದುರುಗುಟ್ಟುತ್ತ ಕೂತಳು. ಡೆಲ್ಫಿನಾ ಬಾಯ್ದೆರೆದು ಹಾಡಿದಳು. ಎರಡನೇ ಹಾಡಿಗೆ ಜನ ಎದ್ದು ನಿಂತರು. ಮುಗಿದ ಮೇಲೆ ಹಾಪ್‌ಗುಡ್ ಓಡಿಬಂದ.

'ಎಲಿ ಎಲ್ಲಮ್ಮ? ಈಯಮ್ಮನೂ ಹಾಡ್ತಾರಾ?'

'ಇಲ್ಲ ಸರ್. ಅವರಿಗೆ ಹಾಡಕ್ಕೆ ಬರಲ್ಲ, ಅದು ಅವರಿಗೆ ಗೊತ್ತು.'

ಎರಡನೇ ರೆಕಾರ್ಡಿನ ಮೇಲೆ ಡೆಲ್ಫಿನಾಳ ಹೆಸರೊಂದೇ ಅಚ್ಚಾಯಿತು. ಎಲಿಜಿಯೋ ಅದರ ನಾಲ್ಕು ಪ್ರತಿ ಕೊಂಡು ತಂದು, ಹಿಂದೆ ಕೇಳಿಸುವ ಚಪ್ಪಾಳೆ ತನ್ನದೆಂದು ಗೆಳೆಯರಿಗೆ ಹಂಚಿದ.