ನನ್ನ ಸೀಟಿಗೊಂದು ವಿಂಡ್‌ಸ್ಕ್ರೀನ್

ಮುಖದ ಬಲಭಾಗಕ್ಕೆ ಲಕ್ವ ಹೊಡೆದ ಮೇಲೆ ನನ್ನ ಬಲಗಣ್ಣು ಪೂರ್ತಿ ಮುಚ್ಚುವುದಿಲ್ಲ. ಚೂರು ಗಾಳಿ ತಾಗಿದರೂ ಉರಿ, ನೀರು. ಗಂಡನೋ, ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಕೂತು ಎರಡು ಸೀಟಿನ, ಮೇಲೆ ಮುಚ್ಚಿಗೆಯಿಲ್ಲದ ಸ್ಪೋರ್ಟ್ಸ್ ಕಾರೊಂದನ್ನು ಆಗಷ್ಟೇ ಕಟ್ಟಿ ಮುಗಿಸಿದ್ದರು. ಅದಕ್ಕೆ ಇದ್ದದ್ದು ಡ್ರೈವರ್ ಮುಂದೆ ಒಂದು ಗೇಣಿನ ಗಾಜು, ಅಷ್ಟೇ. ಗಾಗಲ್ಸ್ ಹಾಕಿ ನೋಡಿದೆ. ನಾವಿರುವ ಹ್ಯಾಮಿಲ್ಟನ್ ಊರಿನ ಮಂಜಿಗೆ ಒಳಗೆಲ್ಲ ಮಬ್ಬು.

“ಮಾರಿಬಿಡ್ತೀನಿ. ನೀ ಇಲ್ಲದ ನಾ ಒಬ್ಬನ ಯಾಕ ತಿರುಗಲಿ?” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಕಣ್ಣಿನ ಹೆಸರು ಹೇಳಿ ಅವರ ಕಾರು ಮಾರಾಟವಾಗುವುದೇ? “ಕಣ್ಣು ನಂದು, ಗಾಜೂ ನಾನೇ ಮಾಡ್ತೀನ್ರಿ” ಎಂದೆ. ಆಸ್ಪತ್ರೆಯಲ್ಲಿ ಮುರಿದ ಕೈಗಳಿಗೆ ಪ್ಲಾಸ್ಟಿಕ್ ಕಾಯಿಸಿ, ಬಾಗಿಸಿ ಕಟ್ಟುವುದೇ ನನ್ನ ಕೆಲಸ.

ಮೊದಲು ರಟ್ಟಿನಲ್ಲಿ ಎತ್ತರದ್ದೊಂದು ಮಾದರಿ ಕತ್ತರಿಸಿ ನನ್ನ ಸೀಟಿನ ಮುಂದೆ ನಿಲ್ಲಿಸಿದೆವು. ಗಾಳಿ ಯಾವ ಕಡೆ ಬೀಸುತ್ತದೆಂದು ನೋಡಲು ನನ್ನ ತಲೆಯ ಅಕ್ಕಪಕ್ಕ ಸೀಟಿಗೆ ಉಲನ್ ದಾರದ ತುಂಡುಗಳನ್ನು ಅಂಟಿಸಿ, ಗಂಡ ಪರಿಚಯದವರೊಬ್ಬರ ಡೇರಿ ಫಾರ್ಮಿನ ದಾರಿಯಲ್ಲಿ ಕಾರು ಓಡಿಸಿದರು. ದಾರ ಹಿಂದಕ್ಕೆ ಹಾರಬೇಕಲ್ಲ? ಅಯ್ಯೋ, ಮುಂದಕ್ಕೆ, ನನ್ನ ಕಣ್ಣಿನ ಕಡೆಗೇ ಹಾರುತ್ತಿತ್ತು! ರಟ್ಟನ್ನು ದಾಟಿದ ಗಾಳಿ ಬೆನ್ನ ಹಿಂದೆ ಸುತ್ತಿಕೊಂಡು ವಾಪಸ್ ಬರುತ್ತಿತ್ತು.

“ಇನ್ನೂ ಎತ್ತರ ಮಾಡೂಣು” ಎಂದರು ಗಂಡ.

“ಏನ್ ಎತ್ತರ್ರೀ! ಗ್ವಾಡಿ ಕಟ್ಟಿ ಒಳಗ ಕುಂದ್ರಸ್ತೀರೇನು?”

ನಾಲ್ಕು ಬೆರಳು ಕತ್ತರಿಸಿ ತಗ್ಗಿಸಿದೆ. ಹಿಂದಕ್ಕೆ ವಾಲಿಸಿ, ಮೇಲಿನ ಅಂಚನ್ನು ಹೊರಕ್ಕೆ ಬಗ್ಗಿಸಿದೆ. ಈ ಸಲ ಗಾಳಿ ತಲೆಯ ಮೇಲಿಂದ ಹಾದುಹೋಯಿತು, ದಾರ ಸುಮ್ಮನೆ ಜೋತುಬಿತ್ತು.

ಅದೇ ಅಳತೆಗೆ ಪಾಲಿಕಾರ್ಬೊನೇಟ್ ಶೀಟು ಕತ್ತರಿಸಿ ಅಡುಗೆಮನೆಯ ಓವನ್ನಿನಲ್ಲಿ ಇಟ್ಟೆ. ಮೈತುಂಬ ಗುಳ್ಳೆ ಎದ್ದು ಹಾಳಾಯಿತು.

“ಇದು ಬ್ಯಾಡ ಅಂತ ದೇವರ ಮನಸಿನ್ಯಾಗ ಇರಬೇಕು” ಎಂದು ಗಂಡ ನಿಟ್ಟುಸಿರುಬಿಟ್ಟರು.

“ದೇವರ ಮ್ಯಾಲ ಹಾಕಬ್ಯಾಡ್ರಿ. ಶೀಟು ಗಾಳ್ಯಾಗಿನ ತೇವ ಹೀರಿ ಹಸಿ ಇತ್ತು, ಅದಕ್ಕ ಗುಳ್ಳಿ ಎದ್ದಾವ.”

ಇನ್ನೊಂದನ್ನು ಸಣ್ಣ ಉರಿಯಲ್ಲಿ ಇಡೀ ದಿನ ಒಣಗಿಸಿದೆ. ಆಮೇಲೆ ಶಾಖ ಏರಿಸಿ, ಅದು ಬಳುಕಿದ್ದೇ ತಡ ಇಬ್ಬರೂ ಕೈಗವಸು ಹಾಕಿ ಎತ್ತಿ, ಬಟ್ಟೆ ಹೊದಿಸಿದ ಮರದ ಅಚ್ಚಿನ ಮೇಲೆ ಹಾಸಿ, ತಣಿಯುವ ತನಕ ಅದುಮಿ ಹಿಡಿದೆವು. ಒಂದು ಗುಳ್ಳೆಯಿಲ್ಲ. ವಾಹನ ತಪಾಸಣೆಯವನು ತಟ್ಟಿ, ಅಂಚು ಸವರಿ ಒಪ್ಪಿದ ಮೇಲೆ ರ‍್ಯಾಗ್ಲನ್ ಕಡಲತೀರಕ್ಕೆ ಹೋಗುವ ರಸ್ತೆ ಹಿಡಿದೆವು.

ಕಾಯಿಲೆಯಾದಾಗಿನಿಂದ ಯಾವ ಕಾರಿನಲ್ಲಿ ಕೂತರೂ ಬಲಗಣ್ಣಿಗೂ ಕೆನ್ನೆಗೂ ಅಂಗೈ ಅಡ್ಡ ಹಿಡಿದೇ ಇರುತ್ತಿದ್ದೆ. ಡ್ರೈವರ್ ನಮ್ಮ ಊರಿನಂತೆ ಈ ದೇಶದಲ್ಲಿಯೂ ಬಲಕ್ಕೇ ಕೂರುವುದರಿಂದ ಗಂಡನಿಗೆ ಕಾಣುತ್ತಿದ್ದದ್ದು ನನ್ನ ಮುಖವಲ್ಲ, ಕೈ. ಗುಡ್ಡ ಇಳಿಯುವಾಗ ಧೈರ್ಯ ಮಾಡಿ ಕೈ ತೆಗೆದೆ. ಉರಿಯಿಲ್ಲ, ನೀರಿಲ್ಲ. ಎಷ್ಟು ಖುಷಿಯಾಯಿತೆಂದರೆ, ವಾರೆಯಾದ ತುಟಿಯಲ್ಲೇ ನಕ್ಕುಬಿಟ್ಟೆ. ಅವರು ತಿರುಗಿ ನೋಡಿದರು, ನೋಡುತ್ತಲೇ ಇದ್ದರು.

“ರಸ್ತಿ ನೋಡ್ರಿ ಮೊದಲ!” ಎಂದು ಗದರಿದೆ. “ನನ್ನ ಮಾರಿ ಎಲ್ಲೂ ಓಡಿ ಹೋಗಂಗಿಲ್ಲ.”